ಹತ್ತಿರ ಕೂತು ಕೇಳುವ ಹಕ್ಕು

ಟಿ. ನರಸೀಪುರದಲ್ಲಿ ಕಾವೇರಿಗೆ ಕಪಿಲೆ ಬಂದು ಸೇರುತ್ತಾಳೆ. ಕಣ್ಣಿಗೆ ಕಾಣುವ ಈ ಎರಡು ಹೊಳೆಗಳ ಜೊತೆಗೆ ಕಾಣದ ಸ್ಫಟಿಕ ಸರೋವರವೊಂದನ್ನು ಜನ ಸೇರಿಸಿಕೊಂಡಿದ್ದಾರೆ. ಹೀಗಾಗಿ ಅದು ತ್ರಿವೇಣಿ ಸಂಗಮವಾಗಿದೆ. 1989ರಿಂದ ಅಲ್ಲಿ ಕುಂಭಮೇಳವೂ ನಡೆಯುತ್ತ ಬಂದಿದೆ. ಸಂಗಮದ ದಡದಲ್ಲಿರುವ ತಿರುಮಕೂಡಲಿನಲ್ಲಿ ಅಗಸ್ತ್ಯೇಶ್ವರನ ಗುಡಿಯಿದೆ. ಅದೇ ಊರಿನ ಅಗಸ್ತ್ಯೇಗೌಡ ಮತ್ತು ಸುಂದರಮ್ಮ ದಂಪತಿಗೆ 1895ರಲ್ಲಿ ಹುಟ್ಟಿದ ಹುಡುಗನೇ ಮುಂದೆ ಪಿಟೀಲು ಚೌಡಯ್ಯನವರಾದರು. ತಾವು ರಚಿಸಿದ ಕೃತಿಗಳಿಗೆ ಅವರು ಇಟ್ಟುಕೊಂಡ ಅಂಕಿತ 'ತ್ರಿಮಕುಟ'. ದೇವರ ಹೆಸರಿಗಿಂತ ಮೊದಲು ಊರಿನ ಹೆಸರು ನೆನಪಾದ ವಾಗ್ಗೇಯಕಾರರು ಕಡಿಮೆ.

ಚೌಡಯ್ಯನವರನ್ನು ನಾಡು ನೆನೆಯುವುದು ಮುಖ್ಯವಾಗಿ ಅವರ ಏಳು ತಂತಿಯ ಪಿಟೀಲಿಗಾಗಿ. ಯುರೋಪಿನಿಂದ ಬಂದ ಪಿಟೀಲಿಗೆ ಇರುವುದು ನಾಲ್ಕು ತಂತಿ. ಅದಕ್ಕೆ ಅವರು ಇನ್ನೂ ಮೂರು ತಂತಿ ಸೇರಿಸಿ, ಒಂದು ಸ್ವರಕ್ಕೆ ಅದರ ಕೆಳಗಿನ ಸ್ಥಾಯಿಯ ಜೊತೆಗಾರನನ್ನು ಕೊಟ್ಟು ನಾದವನ್ನು ದಪ್ಪ ಮಾಡಿದರು. ಇದರ ಹಿಂದೆ ಇದ್ದದ್ದು ಶಾಸ್ತ್ರದ ಹಂಬಲವಲ್ಲ. ಅದು ಮೈಕು ಇಲ್ಲದ ಕಾಲ. ಕಛೇರಿ ಕೇಳಲು ನೂರಾರು ಜನ ಸೇರುತ್ತಿದ್ದರು. ಗಟ್ಟಿ ಕಂಠದ ಗಾಯಕನ ಧ್ವನಿ ಹಿಂದಿನವರೆಗೆ ತಲುಪುತ್ತಿತ್ತು, ಪಕ್ಕವಾದ್ಯದ ಪಿಟೀಲು ನಾಲ್ಕನೆಯ ಸಾಲಿಗೇ ಸೋತು ನಿಲ್ಲುತ್ತಿತ್ತು. ಕೊನೆಯ ಸಾಲಿನಲ್ಲಿ ಕೂತವನಿಗೂ ಕೇಳಬೇಕು ಎಂಬ ಹಟ ಆ ಮೂರು ತಂತಿಗಳಲ್ಲಿದೆ.

ನನ್ನನ್ನು ಕಾಡುವ ಪ್ರಶ್ನೆ ಇಲ್ಲಿಂದ ಶುರುವಾಗುತ್ತದೆ. ನಮ್ಮ ಶಾಸ್ತ್ರೀಯ ಸಂಗೀತ ಅದರ ಪೂರ್ಣ ಸೊಗಸಿನಲ್ಲಿ ಕೇಳಿಸುವುದು ಸಣ್ಣ ಜಾಗದಲ್ಲಿ. ಒಂದು ಪಡಸಾಲೆ, ಒಂದು ಭಜನಮಂದಿರ, ಒಂದು ವಾಡೆಯ ಅಂಗಳ, ಹೆಚ್ಚೆಂದರೆ ನೂರು ಜನ. ಆದರೆ ಸಣ್ಣ ಜಾಗವೆಂದರೆ ಅದಕ್ಕೊಂದು ಬಾಗಿಲು ಇದ್ದೇ ಇರುತ್ತದೆ. ಬಾಗಿಲಿದ್ದಲ್ಲಿ ಯಾರು ಒಳಗೆ, ಯಾರು ಹೊರಗೆ ಎಂಬುದೂ ಇರುತ್ತದೆ. ಹತ್ತು ಜನರಿಗೆ ಮಾತ್ರ ದಕ್ಕುವ ಚೆಲುವು ನ್ಯಾಯವಾದದ್ದೇ? ಎಲ್ಲರಿಗೂ ಹಂಚಲು ಹೋದರೆ ಆ ಚೆಲುವೇ ಉಳಿಯದಿದ್ದರೆ?

ಚೌಡಯ್ಯನವರ ಗುರು ಬಿಡಾರಂ ಕೃಷ್ಣಪ್ಪನವರು. ಕರಾವಳಿಯಿಂದ ಬಂದ ಬಡ ಹುಡುಗ ಮೈಸೂರು ಆಸ್ಥಾನದ ದೊಡ್ಡ ಗಾಯಕರಾದರು. ಕಛೇರಿಗಳಿಂದ ಬಂದ ದುಡ್ಡನ್ನು ಕೂಡಿಟ್ಟು ಮೈಸೂರಿನಲ್ಲಿ ಪ್ರಸನ್ನ ಸೀತಾರಾಮ ಮಂದಿರವನ್ನು ಕಟ್ಟಿಸಿದರು. ರಾಮನವಮಿಯ ಕಛೇರಿಗಳಿಂದ ಈ ಮಂದಿರ ಹೆಸರಾಯಿತು. ಒಬ್ಬ ಸಂಗೀತಗಾರ ತನ್ನ ಸಂಪಾದನೆಯಲ್ಲಿ ಸಂಗೀತಕ್ಕೊಂದು ಸೂರು ಕಟ್ಟುವುದು ಸಣ್ಣ ಸಂಗತಿಯಲ್ಲ. ಅಲ್ಲಿಯವರೆಗೆ ಹಾಡುವವನು ದೊರೆಯ ದರಬಾರಿಗೋ ಸಾಹುಕಾರನ ಮದುವೆ ಚಪ್ಪರಕ್ಕೋ ಹೋಗಬೇಕಿತ್ತು. ಅಂದರೆ ಯಾರು ಕೇಳಬೇಕು ಎಂಬುದನ್ನು ಬೇರೆಯವರು ತೀರ್ಮಾನಿಸುತ್ತಿದ್ದರು. ಇಲ್ಲಿ ಬೀಗದ ಕೈ ಹಾಡುಗಾರನ ಕೈಗೆ ಬಂತು.

ಇಂಥ ಜಾಗಗಳಲ್ಲಿ ಕೂತು ಕೇಳುವಾಗ ಏನಾಗುತ್ತದೆ? ಮೈಸೂರಿನ ಹಳೆಯ ಮನೆಯೊಂದರ ಪಡಸಾಲೆಯಲ್ಲಿ ಮೈಕಿಲ್ಲದೆ ನುಡಿಸಿದ ವೀಣೆಯನ್ನು ನಾನು ಕೇಳಿದ್ದೇನೆ. ಮೂವತ್ತೋ ನಲವತ್ತೋ ಜನ ಇದ್ದೆವು. ಜಮಖಾನೆಯ ಮೇಲೆ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತಿದ್ದೆವು. ಮೊದಲ ಐದು ನಿಮಿಷ ಏನೂ ಕೇಳಿಸಲಿಲ್ಲ ಎಂದೇ ಹೇಳಬೇಕು; ಬೀದಿಯ ಸದ್ದಿಗೆ ಒಗ್ಗಿದ ಕಿವಿ ವೀಣೆಯ ಅಳತೆಗೆ ಇಳಿಯಲು ಅಷ್ಟು ಹೊತ್ತು ಬೇಕು. ಆಮೇಲೆ ಕಿವಿ ಇಳಿಯಿತು. ಮೀಟಿದ ಸ್ವರ ಮುಗಿದ ಮೇಲೂ ತಂತಿಯನ್ನು ಪಕ್ಕಕ್ಕೆ ಎಳೆದು ಅದೇ ಮೀಟಿನಲ್ಲಿ ಮತ್ತೆರಡು ಸ್ವರ ಹುಟ್ಟಿಸುವುದು, ಬೆರಳು ಮೆಟ್ಟಿಲಿನಿಂದ ಮೆಟ್ಟಿಲಿಗೆ ಜಾರುವ ಸಣ್ಣ ಗೀರು ಶಬ್ದ, ನುಡಿಸುವವರು ಉಸಿರು ಬಿಡುವುದು, ಎಲ್ಲವೂ ಕೇಳಿಸತೊಡಗಿತು. ಒಳಮನೆಯಲ್ಲಿ ಯಾರೋ ಲೋಟ ಇಟ್ಟ ಸದ್ದಿಗೆ ಇಡೀ ಪಡಸಾಲೆ ಬೆಚ್ಚಿತು. ಲೋಟ ಇಟ್ಟವರಿಗೂ ಅದು ಗೊತ್ತಾಗಿರಬೇಕು, ಎರಡನೆಯ ಲೋಟದ ಸದ್ದು ಬರಲೇ ಇಲ್ಲ.

ದೊಡ್ಡ ಸಭಾಂಗಣದಲ್ಲಿ ಕೇಳುಗನಿಗೆ ಜವಾಬ್ದಾರಿಯಿಲ್ಲ. ಅವನು ಆಕಳಿಸಿದರೂ ಎದ್ದು ಹೋದರೂ ಸಂಗೀತಕ್ಕೆ ಏನೂ ಆಗುವುದಿಲ್ಲ. ಸಣ್ಣ ಕೋಣೆಯಲ್ಲಿ ಹಾಗಲ್ಲ. ಅಲ್ಲಿ ನನ್ನ ಮೌನವೂ ಕಛೇರಿಯ ಒಂದು ವಾದ್ಯ. ನಾನು ಕೆಡಿಸಬಲ್ಲೆ, ಹಾಗಾಗಿ ನಾನು ಕಾಯಬೇಕು. ನನ್ನ ಮುಖವನ್ನು ನುಡಿಸುವವರು ನೋಡುತ್ತಿರುತ್ತಾರೆ; ನನಗೆ ಅರ್ಥವಾಯಿತೋ ಇಲ್ಲವೋ ಎಂಬುದು ಅವರಿಗೆ ಕೂಡಲೇ ತಿಳಿಯುತ್ತದೆ. ಹಕೀಮ ನಾಡಿ ಹಿಡಿಯಬೇಕಾದರೆ ಪಕ್ಕದಲ್ಲೇ ಕೂರಬೇಕು. ನಂಜನಗೂಡಿನ ಶ್ರೀಕಂಠೇಶ್ವರನನ್ನು 'ಹಕೀಂ ನಂಜುಂಡ' ಎಂದು ಕರೆಯುವ ರೂಢಿ ನಮ್ಮ ಸೀಮೆಯಲ್ಲಿದೆ. ಟಿಪ್ಪುವಿನ ಆನೆಯ ಕಣ್ಣಿನ ಬೇನೆ ವಾಸಿಯಾಯಿತೆಂದು, ಅದಕ್ಕಾಗಿ ಸುಲ್ತಾನ ಪಚ್ಚೆಲಿಂಗವನ್ನು ಕೊಟ್ಟನೆಂದು ಜನ ಹೇಳುತ್ತಾರೆ. ದೇವರನ್ನು ಮಹಾರಾಜನೆಂದು ಕರೆದವರು ಬಹಳ. ಹಕೀಮನೆಂದು ಕರೆದವರು ಹತ್ತಿರ ಕೂರುವ ಸಂಬಂಧವನ್ನು ಬಯಸಿದವರು.

ಕೇಳುವುದಕ್ಕೂ ಒಂದು ಅದಬು ಇದೆ ಎಂಬುದನ್ನು ಸೂಫಿಗಳು ಬಹಳ ಹಿಂದೆಯೇ ಯೋಚಿಸಿದ್ದರು. 1111ರಲ್ಲಿ ತೀರಿಕೊಂಡ ಇಮಾಂ ಗಝಾಲಿಯವರ 'ಇಹ್ಯಾ' ಗ್ರಂಥದಲ್ಲಿ 'ಸಮಾ' ಅಂದರೆ ಸಂಗೀತ ಶ್ರವಣದ ಮೇಲೆಯೇ ಒಂದು ಇಡೀ ಭಾಗವಿದೆ. ಅದಕ್ಕೂ ಹಿಂದಿನ ಬಗ್ದಾದಿನ ಜುನೈದರ ಹೆಸರಿನಲ್ಲಿ ಬಂದಿರುವ ಒಂದು ವಿಚಾರವನ್ನು ಅಲ್ಲಿ ಚರ್ಚಿಸಲಾಗಿದೆ. ಸಮಾ ನಡೆಯಬೇಕಾದರೆ ಮೂರು ಕೂಡಿಬರಬೇಕು: ಹೊತ್ತು, ಜಾಗ ಮತ್ತು ಜೊತೆಗಾರರು. ಊಟದ ಹೊತ್ತಿನಲ್ಲೋ ಜಗಳದ ಮನಸ್ಸಿನಲ್ಲೋ ಕೇಳಬಾರದು. ದಾರಿಯಲ್ಲಿ ಹೋಗಿಬರುವವರ ಗದ್ದಲದಲ್ಲಿ ಕೇಳಬಾರದು. ತೋರಿಕೆಗೆ ತಲೆದೂಗುವವರ ನಡುವೆ ಕೂತು ಕೇಳಬಾರದು. ಕೇಳುವಾಗ ಪಕ್ಕದವರ ಮುಖ ನೋಡುತ್ತ ಕೂರಬಾರದು, ಮೈಮೇಲೆ ಹಿಡಿತವಿರಬೇಕು, ಇತರರ ಮನಸ್ಸು ಕದಡುವಂತೆ ವರ್ತಿಸಬಾರದು. ಇವು ಇಂದಿಗೂ ಯಾವ ಕಛೇರಿಯ ಬಾಗಿಲಲ್ಲೂ ಬರೆದು ಹಾಕಬಹುದಾದ ಮಾತುಗಳು. (ಮೊಬೈಲನ್ನು ಕುರಿತು ಅವರು ಏನೂ ಹೇಳಿಲ್ಲವಾದರೂ ಅವರ ಅಭಿಪ್ರಾಯ ಏನಿರುತ್ತಿತ್ತೆಂದು ಊಹಿಸಬಹುದು.) ಕಲಬುರಗಿಯ ಖ್ವಾಜಾ ಬಂದೇನವಾಜರ ದರ್ಗಾದಲ್ಲಿ 'ಬಂದ್ ಸಮಾ' ಎಂಬ ಪದ್ಧತಿಯಿದೆ. ಹೆಸರೇ ಹೇಳುವಂತೆ ಅದು ಬಾಗಿಲು ಮುಚ್ಚಿಕೊಂಡು ಕೇಳುವ ಸಮಾ.

ಆದರೆ ಜುನೈದರ ಮೂರನೆಯ ಷರತ್ತನ್ನು ಸ್ವಲ್ಪ ಬಿಗಿಯಾಗಿ ಹಿಡಿದರೆ ಸಾಕು, ಅದು ಬೇರೆಯದೇ ಆಗಿಬಿಡುತ್ತದೆ. 'ಜೊತೆಗಾರರು' ಎಂದರೆ ಮನಸ್ಸು ಸಿದ್ಧವಾಗಿರುವವರು ಎಂಬ ಅರ್ಥ ಹೋಗಿ 'ನಮ್ಮವರು' ಎಂಬ ಅರ್ಥ ಬಂದು ಕೂರುತ್ತದೆ. ಆ ವೀಣೆಯ ಸಂಜೆ ಕಛೇರಿ ಮುಗಿದ ಮೇಲೆ ಕಾಫಿ ಕೊಟ್ಟ ಹಿರಿಯರು ನನ್ನ ಹೆಸರು ಕೇಳಿದರು. ಹೇಳಿದೆ. ಅವರ ಮುಖದಲ್ಲಿ ಸಂತೋಷವೇ ಕಂಡಿತು. "ನಿಮ್ಮವರಲ್ಲೂ ಇದನ್ನೆಲ್ಲ ಕೇಳ್ತಾರಾ?" ಎಂದರು. ಅದರಲ್ಲಿ ಕಹಿಯಿರಲಿಲ್ಲ, ನಿಜವಾದ ಅಚ್ಚರಿಯಿತ್ತು. ಆಗ್ರಾ ಘರಾನೆಯ ಫೈಯಾಜ್ ಖಾನರಿಗೆ 'ಆಫ್ತಾಬ್-ಎ-ಮೌಸಿಕಿ' ಎಂಬ ಬಿರುದು ಕೊಟ್ಟದ್ದು ಇದೇ ಮೈಸೂರು. ಸಿತಾರಿನ ಬರ್ಕತುಲ್ಲಾ ಖಾನರು ಇದ್ದದ್ದು ಇಲ್ಲಿಯ ಅರಮನೆಯಲ್ಲಿ. ತ್ಯಾಗರಾಜರ ಕೃತಿಯನ್ನು ಕಲಿತು ಹಾಡಿ ಮುದ್ರಿಸಿದವರು ಅಬ್ದುಲ್ ಕರೀಂ ಖಾನರು. ಇದನ್ನೆಲ್ಲ ಹೇಳಬಹುದಿತ್ತು. ಕಾಫಿ ಚೆನ್ನಾಗಿತ್ತು, ಹೇಳಲಿಲ್ಲ. ಮನೆಗೆ ಬಂದಾಗ ನಮ್ಮ ಮಾಮೂ ಬೇರೊಂದು ಪ್ರಶ್ನೆ ಇಟ್ಟುಕೊಂಡು ಕಾದಿದ್ದರು: "ಅಲ್ಲಿಗೆ ಯಾಕಪ್ಪಾ ಹೋಗೋದು, ಅದು ನಮಗೆ ಜಾಯಿಝಾ?" ಅವರಿಗೆ ಗಝಾಲಿಯವರ ಹೆಸರು ಹೇಳಿದೆ. "ಗಝಾಲಿ ಸಾಹೇಬರು ನಿನ್ನಂಥವರಿಗೆ ಹೇಳಿಲ್ಲ, ಮನಸ್ಸು ತೊಳೆದುಕೊಂಡವರಿಗೆ ಹೇಳಿದ್ದು" ಎಂದರು. ಅದು ಒಪ್ಪಬೇಕಾದ ಮಾತೇ. ಒಂದೇ ಸಂಜೆ ಎರಡು ಬಾಗಿಲುಗಳಲ್ಲಿ ನಿಂತು ಉತ್ತರ ಕೊಡಬೇಕಾದ ಕೇಳುಗರು ಈ ನಾಡಿನಲ್ಲಿ ಕಡಿಮೆಯಿಲ್ಲ.

ನಾನು ಒಳಗೆ ಹೋಗಿ ಕೂತು ಬಂದವನು. ನನ್ನದು ದೊಡ್ಡ ದೂರಲ್ಲ. ನಂಜನಗೂಡಿನ ಕಥೆ ಬೇರೆ.

ಶ್ರೀಕಂಠೇಶ್ವರ ದೇವಾಲಯ ನಮ್ಮ ಸೀಮೆಯ ದೊಡ್ಡ ಗುಡಿ. 385 ಅಡಿ ಉದ್ದ, 160 ಅಡಿ ಅಗಲ, 147 ಕಂಬಗಳು. ಇಲ್ಲಿ ಹಾಡುವ, ನರ್ತಿಸುವ ದೇವದಾಸಿಯರಿದ್ದರು. ದೇವರ ಎದುರಿನ ಆ ಸೇವೆಯನ್ನು ಹತ್ತಿರದವರು ನೋಡುವ, ಕೇಳುವ ಕಲೆ ಎನ್ನಬಹುದು. 1909ರಲ್ಲಿ ಮೈಸೂರು ಸರ್ಕಾರ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಭಾರತದಲ್ಲಿ ಇಂಥ ಕ್ರಮಕ್ಕೆ ಮೊದಲಾದವುಗಳಲ್ಲಿ ಅದು ಒಂದು. ನಂಜನಗೂಡಿನ ದೇವದಾಸಿಯರು ಸುಮ್ಮನಿರಲಿಲ್ಲ, ಸರ್ಕಾರಕ್ಕೆ ಮನವಿ ಬರೆದುಕೊಂಡರು. ಅದು ಫಲಿಸಲಿಲ್ಲ. ಇತಿಹಾಸಕಾರ್ತಿ ಜಾನಕಿ ನಾಯರ್ ಈ ಪ್ರಕರಣವನ್ನು ವಿವರವಾಗಿ ಅಧ್ಯಯನ ಮಾಡಿದ್ದಾರೆ.

ಈ ಕ್ರಮವನ್ನು ಸುಧಾರಣೆ ಎಂದು ಕರೆಯುವುದು ಸರಿಯೇ. ಎಳೆಯ ಹುಡುಗಿಗೆ ಗೆಜ್ಜೆ ಕಟ್ಟಿ ಅವಳ ಬದುಕನ್ನು ಮೊದಲೇ ಬರೆದುಬಿಡುವ ಪದ್ಧತಿ ಹೋಗಲೇಬೇಕಿತ್ತು. ಆದರೆ ಕಲೆ ಎಲ್ಲಿ ಹೋಯಿತು, ಕಲಾವಿದೆ ಎಲ್ಲಿ ಹೋದಳು ಎಂದು ಬೇರೆ ಬೇರೆಯಾಗಿ ಕೇಳಬೇಕು. ಕಲೆ ಉಳಿಯಿತು, ಮರ್ಯಾದೆಯ ವೇದಿಕೆಗಳನ್ನು ಏರಿತು. ನರಸೀಪುರ ತಾಲೂಕಿನ ಮೂಗೂರಿನ ಹೆಸರು ನೃತ್ಯಲೋಕದಲ್ಲಿ 'ಮೂಗೂರು ಶೈಲಿ' ಎಂದು ಇಂದಿಗೂ ನಿಂತಿದೆ. ಮೂಗೂರು ಜೇಜಮ್ಮನವರನ್ನು ಬಲ್ಲವರು ನೆನೆಯುತ್ತಾರೆ. ಆದರೆ ನಂಜನಗೂಡಿನ ಮನವಿಗೆ ಸಹಿ ಹಾಕಿದ ಹೆಂಗಸರ ಹೆಸರುಗಳನ್ನು ನೆನೆಯುವವರು ಯಾರು? ಅವರ ರಾಗ, ಅವರ ಅಭಿನಯ, ಅವರು ತಿದ್ದಿದ ಪದಗಳು ಬೇರೆ ಮನೆಗಳ ಹೆಣ್ಣುಮಕ್ಕಳಿಗೆ ಬಂದವು. ಅವರು ಮಾತ್ರ ಆ ಮನೆಗಳ ಪಡಸಾಲೆಗೆ ಬರಲಿಲ್ಲ.

ಇದೇ ಮಾತನ್ನು ಇನ್ನೂ ತೀವ್ರವಾಗಿ ಹೇಳುವ ಬದುಕು ಗೌಹರ್ ಜಾನ್ ಅವರದು. 1873ರಲ್ಲಿ ಅಜಂಗಢದಲ್ಲಿ ಹುಟ್ಟಿದಾಗ ಆಕೆ ಏಂಜಲೀನಾ ಎಂಬ ಕ್ರೈಸ್ತ ಮಗು. ತಾಯಿ ಇಸ್ಲಾಮಿಗೆ ಬಂದು ಮಲ್ಕಾ ಜಾನ್ ಆದರು, ಮಗಳು ಗೌಹರ್ ಆದಳು. ಕಲ್ಕತ್ತೆಯ ಸಿರಿವಂತರ ಮೆಹಫಿಲುಗಳಲ್ಲಿ ಆಕೆಯ ಹಾಡಿಗೆ ಸಾಟಿಯಿರಲಿಲ್ಲ. ಮೆಹಫಿಲ್ ಎಂದರೆ ಅದೇ ಸಣ್ಣ ಕೋಣೆ, ಅದೇ ಹತ್ತಿರ ಕೂರುವುದು. 1902ರಲ್ಲಿ ಗ್ರಾಮೊಫೋನು ಕಂಪನಿಯವರು ಬಂದಾಗ ಆಕೆ ಸುಮಾರು ಮೂರು ನಿಮಿಷದೊಳಗೆ ಒಂದು ರಾಗವನ್ನು ಹಿಡಿದಿಡುವ ಹೊಸ ವಿದ್ಯೆ ಕಲಿತರು. ತಟ್ಟೆಯ ಕೊನೆಯಲ್ಲಿ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ಗಟ್ಟಿಯಾಗಿ ಹೇಳುತ್ತಿದ್ದರು. ಅದು ತಟ್ಟೆ ತಯಾರಿಸುವವರ ಗುರುತಿಗಾಗಿ ಎನ್ನುತ್ತಾರೆ. ನನಗೆ ಅದು ಹಾಗಷ್ಟೇ ಕೇಳಿಸುವುದಿಲ್ಲ. ನಾಡಿನ ಸಾವಿರಾರು ಮನೆಗಳಿಗೆ ತನ್ನ ದನಿ ಹೋಗುತ್ತದೆ, ತಾನು ಹೋಗುವುದಿಲ್ಲ ಎಂದು ಗೊತ್ತಿದ್ದ ಹೆಂಗಸೊಬ್ಬಳು ಹೆಸರನ್ನಾದರೂ ಒಳಗೆ ಕಳಿಸಿದಂತೆ ಕೇಳಿಸುತ್ತದೆ.

ಕೊನೆಗೆ ಆಕೆ ಬಂದದ್ದು ಮೈಸೂರಿಗೆ. ಹಣ ಹೋಗಿತ್ತು, ಕೋರ್ಟು ಖಟ್ಲೆಗಳು ಹೀರಿದ್ದವು, ನಂಬಿದವರು ಬಿಟ್ಟಿದ್ದರು. ನಾಲ್ವಡಿ ಕೃಷ್ಣರಾಜ ಒಡೆಯರು 1928ರಲ್ಲಿ ತಿಂಗಳಿಗೆ 500 ರೂಪಾಯಿ ಸಂಬಳದ ಮೇಲೆ ಅರಮನೆಯ ಗಾಯಕಿಯಾಗಿ ನೇಮಿಸಿದರು. ಒಂದೂವರೆ ವರ್ಷ ತುಂಬುವುದರೊಳಗೆ, 1930ರ ಜನವರಿ 17ರಂದು, ಮೈಸೂರಿನಲ್ಲೇ ಆಕೆ ತೀರಿಕೊಂಡರು. ಒಂದು ಕಾಲಕ್ಕೆ ಇಡೀ ಹಿಂದೂಸ್ತಾನ ಕಿವಿ ಕೊಟ್ಟಿದ್ದ ಹೆಂಗಸಿನ ಹತ್ತಿರ ಆಗ ಕೂತವರು ಬೆರಳೆಣಿಕೆಯ ಜನ. ನಮ್ಮ ಸಂಗೀತದಲ್ಲಿ ಉಸ್ತಾದ್, ಪಂಡಿತ, ವಿದ್ವಾನ್ ಎಂಬ ಬಿರುದುಗಳೆಲ್ಲ ಗಂಡಸರಿಗೆ ಹಂಚಿಹೋಗಿ ಹೆಂಗಸರು ಬರೀ 'ಬಾಯಿ'ಗಳಾಗಿ ಉಳಿದರೆಂದು ಧಾರವಾಡದ ಕಡೆಯ ಗಂಗೂಬಾಯಿ ಹಾನಗಲ್ಲರು ನಗುನಗುತ್ತಲೇ ಚುಚ್ಚುತ್ತಿದ್ದರು.

ಹತ್ತಿರ ಕೂತು ಕೇಳುವುದೇ ಮನುಷ್ಯರನ್ನು ಹತ್ತಿರ ತರುತ್ತದೆ ಎಂಬ ನಂಬಿಕೆಯನ್ನು ಈ ಸಂಗತಿಗಳು ಅಲುಗಿಸುತ್ತವೆ. ಎರಡು ಮೊಳ ದೂರದಲ್ಲಿ ಕೂತು, ಉಸಿರಿನ ಏರಿಳಿತವನ್ನೂ ಕೇಳಿ, ಕಣ್ಣಲ್ಲಿ ನೀರು ತಂದುಕೊಂಡು, ಹಾಡು ಮುಗಿದ ಮೇಲೆ ಹಾಡಿದವಳನ್ನು ಮನುಷ್ಯಳೆಂದು ಒಪ್ಪದೆ ಎದ್ದು ಹೋಗುವುದು ಸಾಧ್ಯವಿತ್ತು. ಅದು ಕಪಟವೂ ಆಗಿರಲಿಲ್ಲ. ಆ ಕಣ್ಣೀರು ನಿಜದ್ದೇ. ಕಿವಿಯನ್ನು ಎಷ್ಟು ಬೇಕಾದರೂ ತಿದ್ದಬಹುದು, ಕಿವಿ ತಿದ್ದಿದ ಮಾತ್ರಕ್ಕೆ ಕಣ್ಣು ತಿದ್ದುವುದಿಲ್ಲ.

ಕೋಣೆಯಲ್ಲಿ ಇರಬೇಕಾದ, ಆದರೆ ಕಾಣದ ಇನ್ನೊಬ್ಬರಿದ್ದಾರೆ. ಮೃದಂಗದ ಎರಡು ಬಾಯಿಗಳಿಗೂ ಹಸು, ಎಮ್ಮೆ, ಆಡುಗಳ ಚರ್ಮ ಬೇಕು. ಅದನ್ನು ಹದ ಮಾಡಿ, ಪದರ ಕೂಡಿಸಿ, ಶ್ರುತಿಗೆ ತರುವವರು ಬಹುಪಾಲು ದಲಿತ ಕ್ರೈಸ್ತ ಕುಟುಂಬಗಳವರು. ಟಿ.ಎಂ. ಕೃಷ್ಣ 2020ರಲ್ಲಿ ಪ್ರಕಟಿಸಿದ 'ಸೆಬಾಸ್ಟಿಯನ್ ಅಂಡ್ ಸನ್ಸ್' ಪುಸ್ತಕ ಇವರನ್ನು ಕುರಿತದ್ದು. ಹಿಂದೂಸ್ತಾನಿ ಕಛೇರಿಯಲ್ಲಿ ಶ್ರುತಿ ಹಿಡಿಯುವ ತಂಬೂರಿಗಳು ಮಿರಜಿನಿಂದ ಬರುತ್ತವೆ; ಅಲ್ಲಿ ಅವನ್ನು ಮಾಡುವ ಕುಟುಂಬಗಳು ಒಂದು ಕಾಲಕ್ಕೆ ಕತ್ತಿ ಗುರಾಣಿ ಸಾಣೆ ಹಿಡಿಯುತ್ತಿದ್ದ ಮುಸ್ಲಿಂ ಶಿಕಲಗಾರರದು. ಯುದ್ಧಗಳು ನಿಂತು ಕೆಲಸ ಹೋದಾಗ ಅದೇ ಕೈಗಳು ಸೋರೆಬುರುಡೆಯನ್ನು ಹಿಡಿದವು. ನಾದದ ಮೈಯನ್ನು ಕಟ್ಟಿದ ಇವರಿಗೆ ಎಷ್ಟು ಪಡಸಾಲೆಗಳಲ್ಲಿ ಜಾಗವಿತ್ತೆಂದು ಕೇಳಿಕೊಂಡರೆ ಹಿತವಾದ ಉತ್ತರ ಬರುವುದಿಲ್ಲ.

ಹಾಗಾದರೆ ಮೈಕು ಬಂದದ್ದು ಒಳ್ಳೆಯದೇ ಆಯಿತಲ್ಲವೇ ಎಂದು ಓದುಗರು ಕೇಳಬಹುದು. ಈ ವಾದಕ್ಕೆ ಬಲವಿದೆ. ನರಸೀಪುರದಲ್ಲಿ ಕಪಿಲೆಯನ್ನು ಕೂಡಿಸಿಕೊಂಡ ಕಾವೇರಿ ತಲಕಾಡನ್ನು ದಾಟಿ ಶಿವನಸಮುದ್ರದಲ್ಲಿ ಧುಮುಕುತ್ತಾಳೆ. 1902ರಲ್ಲಿ ಅಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ನಿಧಾನಕ್ಕೆ ನಮ್ಮ ಊರುಗಳಿಗೂ ಬಂತು, ಅದರ ಹಿಂದೆಯೇ ಮೈಕು, ರೇಡಿಯೋ ಬಂದವು. 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಶುರುಮಾಡಿದರು. 'ಆಕಾಶವಾಣಿ' ಎಂಬ ಹೆಸರು ಅಲ್ಲಿಂದ ಬಂದದ್ದು. ಪಡಸಾಲೆಯ ಬಾಗಿಲ ಹೊರಗೆ ನಿಂತವನು, ಒಳಗೆ ಕೂತವನು ಇಬ್ಬರೂ ಒಂದೇ ಹೊತ್ತಿಗೆ ಒಂದೇ ಕಛೇರಿ ಕೇಳುವುದು ಆಗ ಸಾಧ್ಯವಾಯಿತು. ಟೀ ಅಂಗಡಿಯ ರೇಡಿಯೋ ಮುಂದೆ ನಿಂತು ರಾಗಗಳ ಗುರುತು ಹಿಡಿಯಲು ಕಲಿತವರು ನಮ್ಮ ಊರುಗಳಲ್ಲಿದ್ದಾರೆ. ಅವರಿಗೆ ಸಣ್ಣ ಕೋಣೆಯ ಮಹಿಮೆಯನ್ನು ಉಪದೇಶಿಸಲು ನನಗೆ ನಾಚಿಕೆಯಾಗುತ್ತದೆ.

ಆದರೆ ಮೈಕು ದನಿಯನ್ನು ಒಳಗೆ ಬಿಟ್ಟು ಮೈಯನ್ನು ಹೊರಗೇ ಇಡಬಲ್ಲದು. ಚೌಡಯ್ಯನವರು ದಶಕಗಳ ಕಾಲ ಪಕ್ಕವಾದ್ಯ ನುಡಿಸಿದ್ದು ಚೆಂಬೈ ವೈದ್ಯನಾಥ ಭಾಗವತರಿಗೆ. ಚೆಂಬೈ ಅವರ ಶಿಷ್ಯರಲ್ಲಿ ಒಬ್ಬರು ಕ್ರೈಸ್ತರಾದ ಯೇಸುದಾಸ್. ಗುರುವಾಯೂರಿನ ಕೃಷ್ಣನ ಮೇಲೆ ಯೇಸುದಾಸರು ಹಾಡಿದ ಹಾಡುಗಳು ಕೇರಳದ ಮನೆಮನೆಯಲ್ಲಿ ಬೆಳಗಾಗಿಸುತ್ತವೆ. ಆ ಗುಡಿಯೊಳಗೆ ಹೋಗಲು ಮಾತ್ರ ಅವರಿಗೆ ದಶಕಗಳ ಕಾಲ ಅನುಮತಿ ಸಿಗಲಿಲ್ಲ. ನಮ್ಮ ಕೊಲ್ಲೂರಿನ ಮೂಕಾಂಬಿಕೆಯ ಸನ್ನಿಧಿಯಲ್ಲಿ ಅವರು ಹುಟ್ಟುಹಬ್ಬದ ದಿನ ಬಂದು ಹಾಡುವುದು ರೂಢಿಯಾಯಿತು. ಹಾಡು ಒಪ್ಪಿತವಾದ ಮೇಲೆ ಹಾಡುಗಾರನನ್ನು ಏನು ಮಾಡಬೇಕು ಎಂಬ ಪ್ರಶ್ನೆಗೆ ಎರಡು ಗುಡಿಗಳು ಎರಡು ಉತ್ತರ ಕೊಟ್ಟಿವೆ.

ಸಣ್ಣ ಕೋಣೆ ಎಂದಾಗ ನಾವು ಅಗ್ರಹಾರದ ಪಡಸಾಲೆಯನ್ನೋ ಅರಮನೆಯ ಅಂಬಾವಿಲಾಸವನ್ನೋ ಮಾತ್ರ ಯಾಕೆ ನೆನೆಯಬೇಕು ಎಂಬುದೂ ಯೋಚಿಸಬೇಕಾದ ವಿಷಯ. ನಂಜನಗೂಡು, ನರಸೀಪುರ, ಚಾಮರಾಜನಗರ, ಕೊಳ್ಳೇಗಾಲ ಸೀಮೆಯಲ್ಲಿ ಮಂಟೇಸ್ವಾಮಿಯ ನೀಲಗಾರರು, ಮಾದಪ್ಪನ ದೇವರಗುಡ್ಡರು ಇದ್ದಾರೆ. ತಂಬೂರಿ, ಗಗ್ಗರ, ಡಕ್ಕೆ, ತಾಳ, ದೇವರಗುಡ್ಡರಾದರೆ ಕಂಸಾಳೆ. ಒಂದು ಮನೆಯ ಮುಂದೆ, ಜಗುಲಿಯಲ್ಲಿ, ಲಾಟೀನಿನ ಬೆಳಕಿನಲ್ಲಿ ಕಥೆ ಎತ್ತಿದರೆ ಬೆಳಗಾಗುತ್ತಿತ್ತು. ಕೇಳುವವರು ಆ ಓಣಿಯವರು, ಐವತ್ತು ಅರವತ್ತು ಜನ, ಮಕ್ಕಳು ಕಂಬಳಿಯಲ್ಲಿ ನಿದ್ದೆ. ಇದಕ್ಕಿಂತ ಹತ್ತಿರದ ಸಂಗೀತ ಯಾವುದಿದೆ? ನಂಜನಗೂಡು ತಾಲೂಕಿನ ದೇವನೂರಿನಿಂದ ಬಂದ ಮಹಾದೇವರ 'ಕುಸುಮಬಾಲೆ'ಯ ಗದ್ಯ ಅಂಥ ರಾತ್ರಿಗಳ ಉಸಿರಿನಿಂದ ಆದದ್ದು, ಎಲ್. ಬಸವರಾಜು ಅವರಂಥ ವಿದ್ವಾಂಸರು ಆ ಗದ್ಯವನ್ನು ಪದ್ಯದ ಸಾಲುಗಳಾಗಿ ಬಿಡಿಸಿ ಬರೆದರು.

ಈ ಜಗುಲಿಯ ಕಛೇರಿಗೂ ಅದಬು ಇದೆ, ಆದರೆ ಅದು ಮೌನವಲ್ಲ, ಹೂಂಗುಡುವುದು. ನಮ್ಮ ಹಳ್ಳಿಗಳಲ್ಲಿ ಕಥೆ ಹೇಳುವವನಿಗೆ ಎದುರಿನಿಂದ 'ಹೂಂ' ಬರುತ್ತಿರಬೇಕು. ಹೂಂ ನಿಂತರೆ ಕಥೆ ನಿಲ್ಲುತ್ತದೆ. ವೀಣೆಯ ಕೋಣೆಯಲ್ಲಿ ನನ್ನ ಸುಮ್ಮನಿರುವಿಕೆ ಬೇಕು, ಜಗುಲಿಯಲ್ಲಿ ನನ್ನ ದನಿ ಬೇಕು. ಎರಡೂ ಕಡೆ ನಾನಿಲ್ಲದೆ ನಡೆಯುವುದಿಲ್ಲ. ಸಾವಿರ ಕುರ್ಚಿಯ ಸಭಾಂಗಣದಲ್ಲಿ ನಾನಿಲ್ಲದಿದ್ದರೂ ನಡೆಯುತ್ತದೆ. ಆದ್ದರಿಂದ ನನ್ನ ಮಟ್ಟಿಗೆ ಬೆಲೆಯುಳ್ಳದ್ದು ಕೋಣೆಯ ಸಣ್ಣತನವಲ್ಲ, ಕೇಳುಗ ಲೆಕ್ಕಕ್ಕೆ ಬರುವುದು. ಜಗುಲಿ ಸಣ್ಣದೇ, ಆದರೆ ಅದಕ್ಕೆ ಬೀದಿಯ ಕಡೆ ಬಾಗಿಲಿಲ್ಲ.

ಜಗುಲಿಯನ್ನು ಹೊಗಳಿ ಹಳ್ಳಿಯನ್ನು ಸ್ವರ್ಗ ಮಾಡುವುದು ಸುಲಭ. ಅದೇ ನಂಜನಗೂಡು ತಾಲೂಕಿನ ಬದನವಾಳು, 1927ರಲ್ಲಿ ಗಾಂಧಿಯವರು ಬಂದುಹೋದ ಖಾದಿ ಕೇಂದ್ರದ ಊರು. 1993ರಲ್ಲಿ ಅಲ್ಲಿ ದೇವಸ್ಥಾನ ಪ್ರವೇಶದ ವಿವಾದದ ಬೆನ್ನಿಗೆ ಮೂವರು ದಲಿತರ ಕೊಲೆಯಾಯಿತು. ನೂಲಿನ ರಾಟೆ ತಿರುಗುತ್ತಿದ್ದ ಊರಿನಲ್ಲೂ ಒಂದು ಹೊಸ್ತಿಲು ಜೀವ ತೆಗೆಯುವಷ್ಟು ಎತ್ತರವಾಗಿತ್ತು. ಓಣಿಯವರು ಸೇರುವ ಜಗುಲಿ ಎಂದೆ. ಓಣಿಗಳೇ ಬೇರೆ ಬೇರೆಯಾಗಿರುವಾಗ ಜಗುಲಿಗೆ ಬಾಗಿಲಿಲ್ಲದೆಯೂ ಬಾಗಿಲಿರುತ್ತದೆ.

ಇಲ್ಲಿ ಸೋಸಲೆಯನ್ನೂ ನೆನೆಯಬೇಕು. ಅದು ನರಸೀಪುರದ ಪಕ್ಕದಲ್ಲೇ ಇರುವ ವ್ಯಾಸರಾಜ ಮಠದ ನೆಲೆ. ಪುರಂದರದಾಸರ ಗುರು ವ್ಯಾಸರಾಯರ ಪರಂಪರೆಯದು. ಇಂದಿಗೂ ಮಕ್ಕಳಿಗೆ ಸಂಗೀತದ ಮೊದಲ ಪಾಠವಾಗಿರುವ ಸರಳೆಗಳನ್ನು ಹಾಕಿಕೊಟ್ಟ ಆ ದಾಸರು ಹಾಡಿದ್ದು ಬೀದಿಯಲ್ಲಿ, ಮನೆಮನೆಯ ಮುಂದೆ. ಬೀದಿಯ ಹಾಡು ಯಾವ ಘಳಿಗೆಯಲ್ಲಿ ಕೋಣೆ ಸೇರಿತು, ಯಾರು ಅದನ್ನು ಕರೆದೊಯ್ದರು, ಹೋಗುವಾಗ ಬೀದಿಯವರನ್ನು ಯಾಕೆ ಕರೆಯಲಿಲ್ಲ ಎಂಬುದು ಬೇರೆಯೇ ಒಂದು ಲೇಖನದ ವಸ್ತು.

ಮತ್ತೆ ಚೌಡಯ್ಯನವರಿಗೆ ಬರುತ್ತೇನೆ. ಕೊನೆಯ ಸಾಲಿಗೆ ಕೇಳಿಸುತ್ತಿಲ್ಲ ಎಂಬ ತೊಂದರೆಗೆ ಆ ಕಾಲದಲ್ಲಿ ಇದ್ದ ಸುಲಭ ಪರಿಹಾರ, ಕೊನೆಯ ಸಾಲನ್ನೇ ಕಡಿಮೆ ಮಾಡುವುದು. ರಸಿಕರಾದ ಹತ್ತು ಜನ ಸಾಕು, ಉಳಿದವರಿಗೆ ಇದು ತಿಳಿಯುವುದಿಲ್ಲ ಎನ್ನುವುದು. ಹಾಗೆ ಎನ್ನುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಚೌಡಯ್ಯನವರು ಮಾಡಿದ್ದು ವಾದ್ಯವನ್ನೇ ತಿದ್ದುವ ಕೆಲಸ. ಜನ ಇದ್ದಷ್ಟೇ ಇರಲಿ, ನಾನು ಹೆಚ್ಚು ದುಡಿಯುತ್ತೇನೆ ಎಂದಂತೆ. ಏಳು ತಂತಿಯನ್ನು ಶ್ರುತಿಗೆ ತರುವುದು ಹಿಂಸೆ. ಒಂದು ಬೆರಳಿನಲ್ಲಿ ಎರಡು ತಂತಿ ಒತ್ತಬೇಕು, ಕಮಾನಿಗೆ ಬಲ ಹೆಚ್ಚು ಬೇಕು. ಮೈಕು ಬಂದ ಮೇಲೆ ಆ ಕಷ್ಟಕ್ಕೆ ಕಾರಣವೇ ಉಳಿಯಲಿಲ್ಲ; ಅವರ ಹಿಂದೆ ಆ ವಾದ್ಯವನ್ನು ಹಿಡಿದವರು ಬಹಳ ಕಡಿಮೆ. ಅವರು 1967ರಲ್ಲಿ ತೀರಿಕೊಂಡರು. ಬೆಂಗಳೂರಿನಲ್ಲಿ 1980ರಲ್ಲಿ ಪಿಟೀಲಿನ ಆಕಾರದಲ್ಲೇ ಕಟ್ಟಿದ ಚೌಡಯ್ಯ ಸ್ಮಾರಕ ಭವನ ಸಾವಿರಕ್ಕೂ ಹೆಚ್ಚು ಆಸನಗಳದು. ಅಲ್ಲಿ ಕೊನೆಯ ಸಾಲಿಗೂ ಚೆನ್ನಾಗಿ ಕೇಳಿಸುತ್ತದೆ. ಟಿಕೆಟ್ಟಿನಲ್ಲಿ ಮೊದಲ ಸಾಲು ಯಾವುದು, ಕೊನೆಯ ಸಾಲು ಯಾವುದು ಎಂಬುದು ಈಗ ಬೆಲೆಯ ಮೇಲೆ ತಿಳಿಯುತ್ತದೆ.

ಉತ್ತರ ಕರ್ನಾಟಕದ ಕುಂದಗೋಳದಲ್ಲಿ ನಾಡಿಗೇರರ ವಾಡೆಯಿದೆ. ಕಿರಾನಾ ಘರಾನೆಯ ಅಬ್ದುಲ್ ಕರೀಂ ಖಾನರು ಅಲ್ಲಿ ಉಳಿದು, ರಾಮಭಾವು ಎಂಬ ಬ್ರಾಹ್ಮಣರ ಹುಡುಗನಿಗೆ ಕಲಿಸಿದರು. ಆತನೇ ಸವಾಯಿ ಗಂಧರ್ವರು; ಗಂಗೂಬಾಯಿ, ಭೀಮಸೇನ ಜೋಶಿಯವರ ಗುರು. 1952ರಲ್ಲಿ ಸವಾಯಿ ಗಂಧರ್ವರು ತೀರಿಕೊಂಡ ಮೇಲೆ ಅವರ ಪುಣ್ಯತಿಥಿಗೆ ಆ ವಾಡೆಯಲ್ಲಿ ಅಹೋರಾತ್ರಿ ಸಂಗೀತ ನಡೆಯುತ್ತ ಬಂದಿದೆ. ದೊಡ್ಡ ದೊಡ್ಡವರು ಅಲ್ಲಿ ಹಾಡಿದ್ದಾರೆ. ಕಂಬಗಳ ನಡುವೆ ಊರಿನ ರೈತರು ರುಮಾಲು ಸುತ್ತಿಕೊಂಡು ಕೂತು ಕೇಳುತ್ತಾರೆ, ಇಷ್ಟವಾಗದಿದ್ದರೆ ಮುಖ ನೋಡಿದರೇ ತಿಳಿಯುತ್ತದೆ. ಖಾನ್ ಸಾಹೇಬರು 1937ರಲ್ಲಿ ಪಾಂಡಿಚೇರಿಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ರೈಲು ನಿಲ್ದಾಣದಲ್ಲಿ ತೀರಿಕೊಂಡರು. ಅವರ ಸಮಾಧಿ ಮಿರಜಿನ ದರ್ಗಾದ ಆವರಣದಲ್ಲಿದೆ. ಅಲ್ಲಿಯೂ ಉರುಸಿನಲ್ಲಿ ಹಾಡುತ್ತಾರೆ, ಬಯಲಿನಲ್ಲಿ.

ಮೈಸೂರು ಸೀಮೆಯಲ್ಲಿ ಅಂಥದ್ದು ಯಾಕೆ ಆಗಬಾರದು ಎಂದು ಗೆಳೆಯರೊಡನೆ ಮಾತಾಡುತ್ತಿರುತ್ತೇನೆ. ತಿರುಮಕೂಡಲಿನ ಹೊಳೆದಂಡೆಯಲ್ಲಿ ಒಂದು ಸಂಜೆ ಮೈಕಿಲ್ಲದ ಪಿಟೀಲು, ಅದೇ ಜಮಖಾನೆಯ ಮೇಲೆ ರಾತ್ರಿ ನೀಲಗಾರರ ತಂಬೂರಿ. ನಮ್ಮ ಮೊಹಲ್ಲಾದವರೂ ಮೂಗೂರಿನವರೂ ಬದನವಾಳಿನವರೂ ಬರಬೇಕು. ಮೃದಂಗ ಕಟ್ಟುವವರನ್ನು ಮೊದಲ ಸಾಲಿಗೆ ಕರೆಯಬೇಕು. ನೂರು ಜನರಿಗಿಂತ ಹೆಚ್ಚು ಬೇಡ. ಹೆಚ್ಚು ಜನ ಬಂದರೆ ಏನು ಮಾಡುವುದು ಎಂದು ಒಬ್ಬ ಗೆಳೆಯರು ಕೇಳಿದರು. ಮರುದಿನ ಮತ್ತೊಮ್ಮೆ ನುಡಿಸುವುದು ಎಂದೆ. "ನುಡಿಸುವವರನ್ನು ಕೇಳಿ ನೋಡಿದ್ದೀರಾ?" ಎಂದು ಅವರು ನಕ್ಕರು.